ಮೀಟರ್‌ನಲ್ಲಿ ಕೆಂಪು ಬ್ರೇಕ್ ದೀಪ: ಆಯಿಲ್ ಸುರಿಯುವ ಮೊದಲು

ಕೆಂಪು ಬ್ರೇಕ್ ದೀಪ ಹತ್ತಿದೆ ಅಂತ ಯಾರಾದರೂ ಕಾರು ತಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಈಚೆಗೆ ಆಯಿಲ್ ಏನಾದ್ರೂ ಹಾಕಿದ್ರಾ?" ಹತ್ತರಲ್ಲಿ ಅರ್ಧ ಜನ "ಹೌದು ಸಾರ್, ಹೋದ ತಿಂಗಳು ಲೈಟ್ ಬಂದಿತ್ತು, ಸ್ವಲ್ಪ ಆಯಿಲ್ ಹಾಕ್ದೆ, ಹೋಯ್ತು" ಅನ್ನುತ್ತಾರೆ. ದೀಪ ಹೋಯಿತು, ನಿಜ. ದೀಪ ಹತ್ತಲು ಕಾರಣ ಏನಿತ್ತೋ ಅದು ಮಾತ್ರ ಅಲ್ಲೇ ಉಳಿಯಿತು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆಯೇ. ಬ್ರೇಕ್ ಆಯಿಲ್ ಪೆಟ್ರೋಲಿನ ಹಾಗೆ ಓಡಿಸಿದಷ್ಟೂ ಖರ್ಚಾಗುವ ವಸ್ತು ಅಲ್ಲ. ಅದು ಮುಚ್ಚಿದ ಪೈಪುಗಳೊಳಗೇ ಇರಬೇಕಾದದ್ದು. ಕಡಿಮೆ ಆಯಿತು ಅಂದರೆ ಎಲ್ಲಿಗೋ ಹೋಗಿದೆ. ಎಲ್ಲಿಗೆ ಹೋಯಿತು ಅಂತ ಹುಡುಕದೆ ಸುಮ್ನೆ ಮೇಲಿಂದ ಸುರಿಯಬೇಡಿ.

ದೀಪದ ಕಡೆಯಿಂದಲೇ ಶುರು ಮಾಡೋಣ. ಒಂದು ವೃತ್ತ, ಒಳಗೆ ಆಶ್ಚರ್ಯಸೂಚಕ ಚಿಹ್ನೆ, ಎರಡು ಬದಿಗೆ ಬಾಗಿದ ಎರಡು ಗೆರೆ. ಇದು ಡ್ರಮ್ ಬ್ರೇಕಿನ ಚಿತ್ರ. ವೃತ್ತ ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್, ಬಾಗಿದ ಗೆರೆಗಳು ಡ್ರಮ್ಮನ್ನು ಒತ್ತಿ ನಿಲ್ಲಿಸುವ ಬ್ರೇಕ್ ಶೂ. ಯಾವ ಕಂಪನಿಯ ಕಾರು ತಗೊಂಡರೂ ಚಿತ್ರ ಹೆಚ್ಚುಕಮ್ಮಿ ಇದೇ. ಐಎಸ್‌ಒ 2575 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಮೀಟರಿನ ಚಿಹ್ನೆಗಳೆಲ್ಲ ಅದರ ಪ್ರಕಾರ. ಇದನ್ನೇ ಹೋಲುವ ಇನ್ನೊಂದು ಚಿತ್ರ ಕೆಲವು ಕಾರುಗಳಲ್ಲಿ ಇರುತ್ತದೆ. ಬಾಗಿದ ಗೆರೆ ಪೂರ್ತಿ ಇರುವುದಿಲ್ಲ, ತುಂಡು ತುಂಡಾಗಿರುತ್ತದೆ, ಬಣ್ಣ ಹಳದಿ. ಅದು ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದಿದೆ ಅಂತ ಹೇಳುವ ದೀಪ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಕೀ ಆನ್ ಮಾಡಿದಾಗ ಈ ಕೆಂಪು ದೀಪ ಬರಲೇಬೇಕು. ಬಂದು, ಎಂಜಿನ್ ಸ್ಟಾರ್ಟ್ ಆಗಿ ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೆ ಹೋಗಬೇಕು. ಕೀ ಆನ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆದರೂ ದೀಪ ಬರಲೇ ಇಲ್ಲ ಅಂದರೆ ಖುಷಿ ಪಡುವ ವಿಷಯ ಅಲ್ಲ. ಬಲ್ಬ್ ಹೋಗಿರಬಹುದು, ವೈರ್ ಕಟ್ ಆಗಿರಬಹುದು, ಸೆಕೆಂಡ್ ಹ್ಯಾಂಡ್ ಗಾಡಿ ಆದರೆ ಯಾರಾದರೂ ಕನೆಕ್ಟರ್ ಕಿತ್ತು ಇಟ್ಟಿರಲೂಬಹುದು. ಹಳೆ ಕಾರು ನೋಡಲು ಹೋದಾಗ ಸೀಟ್ ಕವರ್ ನೋಡುವ ಮೊದಲು ಕೀ ಆನ್ ಮಾಡಿ ಈ ದೀಪ ಬರುತ್ತದಾ ನೋಡಿ. ಐದು ಸೆಕೆಂಡಿನ ಕೆಲಸ.

ಈ ದೀಪಕ್ಕೆ ಬುದ್ಧಿ ಇಲ್ಲ. ಮಾಮೂಲಿ ಕಾರುಗಳಲ್ಲಿ ಒಂದು ವೈರು ಅರ್ಥ್‌ಗೆ ತಾಗಿದರೆ ದೀಪ ಹತ್ತುತ್ತದೆ, ಅಷ್ಟೇ. ಆ ವೈರಿಗೆ ಒಂದು ಸ್ವಿಚ್ ಹ್ಯಾಂಡ್‌ಬ್ರೇಕ್ ಲಿವರ್ ಬುಡದಲ್ಲಿದೆ. ಇನ್ನೊಂದು ಬಾನೆಟ್ ಒಳಗೆ, ಬ್ರೇಕ್ ಆಯಿಲ್ ಡಬ್ಬಿಯಲ್ಲಿದೆ. ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇರುವ ಗಾಡಿಯಲ್ಲಿ ಮೂರನೆಯವನೊಬ್ಬ ಇದ್ದಾನೆ, ಎಬಿಎಸ್ ಕಂಪ್ಯೂಟರ್. ಅದೂ ಬೇಕೆಂದಾಗ ಇದೇ ದೀಪವನ್ನು ಹತ್ತಿಸುತ್ತದೆ. ಹಾಗಾಗಿ ದೀಪ ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ "ಬ್ರೇಕ್ ಹೋಯ್ತಾ?" ಅಂತ ಅಲ್ಲ. "ಈ ಮೂವರಲ್ಲಿ ಹತ್ತಿಸಿದವರು ಯಾರು?"

ಈ ದೀಪ ಕಾರಿಗೆ ಯಾಕೆ ಬಂತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಉಪಯೋಗಕ್ಕೆ ಬರುತ್ತದೆ. ಮೊದಲಿನ ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ಕೆಲಸ ಮಾಡುವ, ಬ್ರೇಕ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ಎಲ್ಲೋ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತಿತ್ತು. ಆಮೇಲೆ ಲೈನನ್ನು ಎರಡು ಭಾಗ ಮಾಡಿದರು. ಈಗಿನ ಮುಂಚಕ್ರ ಎಳೆಯುವ ಕಾರುಗಳಲ್ಲಿ ಸಾಮಾನ್ಯವಾಗಿ ಅಡ್ಡಡ್ಡ ಇರುತ್ತದೆ, ಮುಂದಿನ ಎಡ ಚಕ್ರ ಹಿಂದಿನ ಬಲ ಚಕ್ರ ಒಂದು ಲೈನ್, ಉಳಿದೆರಡು ಇನ್ನೊಂದು. ಒಂದು ಹೋದರೂ ಇನ್ನೊಂದು ನಿಲ್ಲಿಸುತ್ತದೆ. ಆದರೆ ಇದರಿಂದಲೇ ಹೊಸ ತೊಂದರೆ ಬಂತು. ಒಂದು ಲೈನ್ ಹೋಗಿದ್ದರೂ ಕಾರು ಹೇಗೋ ನಿಲ್ಲುತ್ತದೆ, ಓಡಿಸುವವರು "ಯಾಕೋ ಇವತ್ತು ಪೆಡಲ್ ಸ್ವಲ್ಪ ಕೆಳಗೆ ಹೋಗ್ತಿದೆ" ಅಂದುಕೊಂಡು ಓಡಿಸುತ್ತಲೇ ಇರುತ್ತಾರೆ. ಎರಡನೆಯದೂ ಹೋದಾಗಲೇ ಗೊತ್ತಾಗುವುದು. ಅದಕ್ಕೇ ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಎರಡು ಭಾಗದ ಬ್ರೇಕ್ ಕಡ್ಡಾಯ ಮಾಡಿದಾಗ ಅದರ ಜೊತೆಗೆ ಎಚ್ಚರಿಕೆ ದೀಪವನ್ನೂ ಸೇರಿಸಿದರು. ಅಂದರೆ ಈ ದೀಪ ಇರುವುದು ಕಾಲಿಗೆ ಗೊತ್ತಾಗದ ತೊಂದರೆಯನ್ನು ಕಣ್ಣಿಗೆ ತೋರಿಸಲು. "ಬ್ರೇಕ್ ಚೆನ್ನಾಗೇ ಹಿಡೀತಿದೆಯಲ್ಲ, ದೀಪದ್ದೇ ಏನೋ ಪ್ರಾಬ್ಲಂ" ಅನ್ನುವ ಮಾತು ಎಷ್ಟು ಅಪಾಯದ್ದು ಅಂತ ಇದರಿಂದ ಗೊತ್ತಾಗುತ್ತದೆ, ಅಲ್ವಾ.

ಹ್ಯಾಂಡ್‌ಬ್ರೇಕ್ ವಿಷಯ ಬೇಗ ಮುಗಿಸುತ್ತೇನೆ. ಲಿವರನ್ನು ಪೂರ್ತಿ ಕೆಳಗೆ ಒತ್ತಿ. ಒಂದು ಹಲ್ಲು ಮೇಲಿದ್ದರೂ ದೀಪ ಇರುತ್ತದೆ, ಹಿಂದಿನ ಡ್ರಮ್ ಉಜ್ಜಿಕೊಂಡು ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಪೂರ್ತಿ ಇಳಿಸಿದರೂ ದೀಪ ಹೋಗಲಿಲ್ಲ, ಲಿವರನ್ನು ಕೈಯಿಂದ ಇನ್ನೂ ಕೆಳಗೆ ಅದುಮಿದರೆ ಹೋಗುತ್ತದೆ ಅಂದರೆ ಅಲ್ಲಿನ ಚಿಕ್ಕ ಸ್ವಿಚ್ಚಿನದ್ದು ತೊಂದರೆ, ಅದು ಸಣ್ಣ ಕೆಲಸ. ಮಳೆಗಾಲದಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸಿ ಹೋಗುವವರು ಹ್ಯಾಂಡ್‌ಬ್ರೇಕ್ ಹಾಕಿ ಹೋಗಬೇಡಿ. ಶೂ ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರ್‌ನಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಹೋಗಿ.

ಈಗ ಆಯಿಲ್ ಡಬ್ಬಿ. ಬಾನೆಟ್ ಎತ್ತಿದರೆ ಡ್ರೈವರ್ ಕಡೆ, ಹಿಂದಿನ ಗೋಡೆಗೆ ಹತ್ತಿರ, ಹಾಲುಬಣ್ಣದ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಮೈಮೇಲೆ ಮ್ಯಾಕ್ಸ್, ಮಿನ್ ಅಂತ ಎರಡು ಗೆರೆ. ಮುಚ್ಚಳ ತೆಗೆಯದೇ ಹೊರಗಿನಿಂದಲೇ ಆಯಿಲ್ ಎಲ್ಲಿದೆ ಅಂತ ಕಾಣುತ್ತದೆ. ಕಾಣದಿದ್ದರೆ ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚ್ ಬಿಡಿ. ಒಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ, ಮನೆಯ ನೀರಿನ ಟ್ಯಾಂಕಿನಲ್ಲಿ ಇರುವ ಹಾಗೆ. ಅದರಲ್ಲಿ ಒಂದು ಅಯಸ್ಕಾಂತ. ಆಯಿಲ್ ಇಳಿದ ಹಾಗೆ ಫ್ಲೋಟ್ ಇಳಿಯುತ್ತದೆ, ಮಿನ್ ಗೆರೆಯ ಹತ್ತಿರ ಬಂದಾಗ ಅಯಸ್ಕಾಂತ ಅಲ್ಲಿನ ಪುಟ್ಟ ಸ್ವಿಚ್ಚನ್ನು ಎಳೆಯುತ್ತದೆ, ದೀಪ ಹತ್ತುತ್ತದೆ. ಕೆಲವು ಗಾಡಿಯಲ್ಲಿ ವೈರ್ ಮುಚ್ಚಳದ ಮೇಲೆಯೇ ಬಂದಿರುತ್ತದೆ, ಕೆಲವದರಲ್ಲಿ ಡಬ್ಬಿಯ ಕೆಳಗೆ ಇರುತ್ತದೆ.

ಆಯಿಲ್ ಎರಡು ರೀತಿಯಲ್ಲಿ ಇಳಿಯುತ್ತದೆ. ಒಂದು ನ್ಯಾಯವಾದದ್ದು. ಮುಂದಿನ ಡಿಸ್ಕ್‌ನ ಪ್ಯಾಡ್ ಸವೆದ ಹಾಗೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತದೆ. ಹೊರಗೆ ಬಂದಷ್ಟು ಜಾಗ ಹಿಂದೆ ಖಾಲಿ ಆಗುತ್ತದಲ್ಲ, ಆ ಜಾಗವನ್ನು ಡಬ್ಬಿಯ ಆಯಿಲ್ ಹೋಗಿ ತುಂಬುತ್ತದೆ. ಆಯಿಲ್ ಎಲ್ಲೂ ಸೋರಿಲ್ಲ, ಕ್ಯಾಲಿಪರ್ ಒಳಗೇ ಕೂತಿದೆ. ಇದು ತಿಂಗಳುಗಟ್ಟಲೆ, ಒಂದೊಂದು ಕಾರಿನಲ್ಲಿ ವರ್ಷಗಟ್ಟಲೆ ನಿಧಾನವಾಗಿ ನಡೆಯುವ ಕೆಲಸ. ಹೊಸ ಪ್ಯಾಡ್‌ನ ದಪ್ಪ ಸುಮಾರು 10 ಮಿಲಿಮೀಟರ್ ಇರುತ್ತದೆ, 3ಕ್ಕೆ ಬಂದಾಗ ಬದಲಾಯಿಸಬೇಕು. ಆ ಹೊತ್ತಿಗೆ ಆಯಿಲ್ ಮಿನ್ ಹತ್ತಿರ ಬಂದಿರುವುದು ಸಹಜ. ಅಂದರೆ ಈ ಸಂದರ್ಭದಲ್ಲಿ ದೀಪ ನಿಮಗೆ ಹೇಳುತ್ತಿರುವುದು "ಪ್ಯಾಡ್ ನೋಡಿ" ಅಂತ. ನೀವು ಆಯಿಲ್ ಹಾಕಿ ದೀಪ ಆರಿಸಿದರೆ ಪ್ಯಾಡ್ ಸವೆಯುತ್ತಲೇ ಹೋಗುತ್ತದೆ. ಪ್ಯಾಡ್‌ನಲ್ಲಿ ಒಂದು ತಗಡಿನ ನಾಲಗೆ ಇರುವ ಗಾಡಿಗಳಲ್ಲಿ ಅದು ಡಿಸ್ಕಿಗೆ ತಾಗಿ ಕೀಂಯ್ ಅಂತ ಸಣ್ಣಗೆ ಕೂಗಲು ಶುರುವಾಗುತ್ತದೆ. ಅದನ್ನೂ ಬಿಟ್ಟರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕ್ ಗೀರು ಬೀಳುತ್ತದೆ. ಪ್ಯಾಡ್‌ನ ಖರ್ಚಿನ ಜೊತೆಗೆ ಡಿಸ್ಕಿನ ಖರ್ಚೂ ಬಂತು.

ಇನ್ನೊಂದು ತೊಂದರೆ ಇದೆ. ಹಳೇ ಪ್ಯಾಡ್ ಇರುವಾಗಲೇ ಮ್ಯಾಕ್ಸ್‌ವರೆಗೆ ಆಯಿಲ್ ತುಂಬಿದ್ದೀರಿ ಅಂತ ಇಟ್ಟುಕೊಳ್ಳಿ. ಆಮೇಲೆ ಮೆಕ್ಯಾನಿಕ್ ಹೊಸ ಪ್ಯಾಡ್ ಹಾಕಲು ಪಿಸ್ಟನ್ನನ್ನು ಒಳಗೆ ತಳ್ಳುತ್ತಾನೆ. ಕ್ಯಾಲಿಪರ್‌ನಲ್ಲಿ ಕೂತಿದ್ದ ಆಯಿಲ್ಲೆಲ್ಲ ವಾಪಸ್ ಡಬ್ಬಿಗೆ ಬಂದು ಉಕ್ಕಿ ಚೆಲ್ಲುತ್ತದೆ. ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಎದ್ದುಹೋಗುತ್ತದೆ. ಬಿದ್ದ ಕೂಡಲೇ ನೀರು ಹಾಕಿ ತೊಳೆಯಬೇಕು, ಬಟ್ಟೆಯಲ್ಲಿ ಉಜ್ಜಬಾರದು.

ಎರಡನೆಯದು ಸೋರಿಕೆ. ಇದರ ಗುರುತು ವೇಗ. ಹೋದ ವಾರ ಮ್ಯಾಕ್ಸ್‌ನಲ್ಲಿತ್ತು, ಈ ವಾರ ಮಿನ್‌ಗೆ ಬಂತು ಅಂದರೆ ಅದು ಪ್ಯಾಡ್ ಸವೆತ ಅಲ್ಲ. ಎಲ್ಲಿ ಹುಡುಕಬೇಕು? ಕಾರಿನ ಕೆಳಗೆ ನೆಲ ನೋಡುತ್ತಾರೆ, ಹನಿ ಕಾಣಲಿಲ್ಲ ಅಂತ ಸುಮ್ಮನಾಗುತ್ತಾರೆ. ನೆಲ ಮಾತ್ರ ನೋಡಿದರೆ ಸಾಲದು. ಹಿಂದಿನ ಚಕ್ರದ ಒಳಮೈ ನೋಡಿ, ಅಂದರೆ ಕಾರಿನ ಕೆಳಗೆ ಬಗ್ಗಿದರೆ ಕಾಣುವ ಟೈರಿನ ಬದಿ. ಡ್ರಮ್ ಒಳಗೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಹೋಗಿದ್ದರೆ ಆಯಿಲ್ ಡ್ರಮ್ಮಿನೊಳಗೆ ಸೋರಿ, ಅಲ್ಲಿಂದ ಹಿಂದಿನ ತಗಡಿನ ಅಂಚಿನಲ್ಲಿ ಇಳಿದು, ಟೈರಿನ ಒಳಬದಿಯಲ್ಲಿ ಒಂದು ಒದ್ದೆ ಗೆರೆ ಬಿಡುತ್ತದೆ. ಅದಕ್ಕೆ ಧೂಳು ಮೆತ್ತಿಕೊಂಡು ಕಪ್ಪಗೆ ಕಾಣುತ್ತದೆ, ಬೆರಳಿಟ್ಟರೆ ಜಾರುತ್ತದೆ. ಮಳೆಗಾಲದಲ್ಲಿ ಎಲ್ಲವೂ ಒದ್ದೆ ಇರುವುದರಿಂದ ಕಣ್ತಪ್ಪುವುದು ಜಾಸ್ತಿ. ಕಾರನ್ನು ಒಂದು ರಾತ್ರಿ ಶೆಡ್ಡಿನಲ್ಲಿ ಒಣಗಲು ಬಿಟ್ಟು ಬೆಳಿಗ್ಗೆ ನೋಡಿ. ನೀರು ಆರಿರುತ್ತದೆ, ಆಯಿಲ್ ಆರಿರುವುದಿಲ್ಲ. ಡ್ರಮ್ಮಿನಲ್ಲಿ ಸೋರಿದ ಆಯಿಲ್ ಶೂಗೆ ಹತ್ತಿತು ಅಂದರೆ ಆ ಚಕ್ರ ಸರಿಯಾಗಿ ಹಿಡಿಯುವುದಿಲ್ಲ. ಶೂ ಒರೆಸಿ ಹಾಕುವುದು ಬೇಡ, ಬದಲಾಯಿಸಿ.

ಹೊರಗೆ ಒಂದು ಹನಿಯೂ ಕಾಣದ ಸೋರಿಕೆ ಇದೆ. ಪೆಡಲ್ ಒತ್ತಿದಾಗ ಆಯಿಲ್ಲನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ಆಯಿಲ್ ಹೊರಗೆ ಬೀಳದೆ ಬೂಸ್ಟರ್ ಒಳಗೆ ಹೋಗುತ್ತದೆ. ಬೂಸ್ಟರ್ ಅಂದರೆ ಡಬ್ಬಿಯ ಹಿಂದೆ ಕಾಣುವ ಆ ಕಪ್ಪು ದೊಡ್ಡ ತಟ್ಟೆ, ಪೆಡಲ್ ಒತ್ತಲು ಕಾಲಿಗೆ ಸಹಾಯ ಮಾಡುವುದು ಅದೇ. ಡಬ್ಬಿಯಲ್ಲಿ ಇಳಿಯುತ್ತಾ ಇರುತ್ತದೆ, ನಾಲ್ಕು ಚಕ್ರವೂ ಒಣಗಿರುತ್ತದೆ, ಪೈಪ್ ಒಣಗಿರುತ್ತದೆ. ಇಂಥ ಕೇಸಿನಲ್ಲಿ ಮಾಸ್ಟರ್ ಸಿಲಿಂಡರ್ ಬಿಚ್ಚಿ ಹಿಂಭಾಗ ನೋಡಲೇಬೇಕು. ಕ್ಲಚ್ಚನ್ನೂ ಮರೆಯಬೇಡಿ. ಹೈಡ್ರಾಲಿಕ್ ಕ್ಲಚ್ ಇರುವ ಎಷ್ಟೋ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿ. ಕ್ಲಚ್‌ನ ಪೈಪ್ ಡಬ್ಬಿಯ ಮೇಲುಭಾಗದಿಂದ ಹೋಗಿರುತ್ತದೆ, ಕ್ಲಚ್ ಸೋರಿದರೂ ಬ್ರೇಕಿನ ಪಾಲು ಕೆಳಗೆ ಉಳಿಯಲಿ ಅಂತ. ಒಳ್ಳೆಯ ಯೋಚನೆ. ಕ್ಲಚ್ ಪೆಡಲ್ ಹತ್ತಿರ ಮ್ಯಾಟ್ ಎತ್ತಿ ಕಾರ್ಪೆಟ್ ಮುಟ್ಟಿ ನೋಡಿ. ಜಿಡ್ಡು ಜಿಡ್ಡಾಗಿದ್ದರೆ ಬ್ರೇಕ್ ದೀಪದ ಕಾರಣ ಅಲ್ಲಿದೆ.

ನಮ್ಮ ಕಡೆಯವರು ಜಾಸ್ತಿ ಕೇಳುವ ಪ್ರಶ್ನೆಗೆ ಬರುತ್ತೇನೆ. "ಊರಲ್ಲಿ ಓಡಿಸುವಾಗ ಏನೂ ಇಲ್ಲ, ಆಗುಂಬೆ ಘಾಟಿ ಇಳಿಯುವಾಗ ತಿರುವಿನಲ್ಲಿ ಮಾತ್ರ ಒಮ್ಮೆ ಮಿನುಗಿ ಹೋಗ್ತದೆ." ಇದಕ್ಕೆ ಕಾರಣ ಸರಳ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಡಬ್ಬಿಯ ಆಯಿಲ್ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ನುಗ್ಗುತ್ತದೆ, ಫ್ಲೋಟ್ ಇರುವ ಕಡೆ ಒಂದು ಕ್ಷಣ ಕಡಿಮೆ ಆಗುತ್ತದೆ. ಸಾಕಷ್ಟು ಆಯಿಲ್ ಇದ್ದರೆ ಹೀಗಾಗುವುದಿಲ್ಲ. ಹಾಗಾಗಿ ತಿರುವಿನಲ್ಲಿ ಮಿನುಗುವುದು ಅಂದರೆ ಆಯಿಲ್ ಮಿನ್ ಹತ್ತಿರ ಬಂದಿದೆ ಅಂತ ಅರ್ಥ. ಲೂಸ್ ಕನೆಕ್ಷನ್ ಅಂತ ಬಿಡಬೇಡಿ. ಹಾಗೆ ನೋಡಿದರೆ ಇದು ಒಳ್ಳೆಯ ಸೂಚನೆ, ಘಾಟಿ ರಸ್ತೆಯವರಿಗೆ ಬಯಲಿನವರಿಗಿಂತ ಸ್ವಲ್ಪ ಮೊದಲೇ ಸಿಗುತ್ತದೆ. ಕೆಳಗೆ ಸೋಮೇಶ್ವರ ತಲುಪಿದ ಮೇಲೆ ದೀಪ ಇಲ್ಲ ಅಂತ ಮರೆಯದೆ, ಅಲ್ಲಿ ನಿಂತು ಬಾನೆಟ್ ಎತ್ತಿ ಗೆರೆ ನೋಡಿ.

ಈಗ ಮೂರನೆಯವನು. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರುವ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಅದರ ದೀಪ ಹಳದಿ, ಅದರಲ್ಲಿ ಎಬಿಎಸ್ ಅಂತಲೇ ಬರೆದಿರುತ್ತದೆ. ಹಳದಿ ಒಂದೇ ಹತ್ತಿದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ, ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಮಾತ್ರ ಇಲ್ಲ. ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಕಾರಣ ಸಾಮಾನ್ಯವಾಗಿ ಚಕ್ರದ ಹತ್ತಿರ ಇರುವ ಸೆನ್ಸರ್. ತೋಟದ ರಸ್ತೆಯ ಕೆಸರು ಮೆತ್ತಿರುತ್ತದೆ, ಇಲ್ಲ ಇಲಿ ವೈರ್ ಕಡಿದಿರುತ್ತದೆ. ಅಡಿಕೆ, ಭತ್ತ ಇಟ್ಟ ಶೆಡ್ಡಿನಲ್ಲೇ ಕಾರು ನಿಲ್ಲಿಸುವವರಿಗೆ ಇಲಿಯ ಕಾಟ ಹೇಳಿಕೊಡಬೇಕಾಗಿಲ್ಲ.

ಹಳದಿ ಎಬಿಎಸ್ ಮತ್ತು ಕೆಂಪು ಬ್ರೇಕ್, ಎರಡೂ ಒಟ್ಟಿಗೆ ಹತ್ತಿದರೆ ವಿಷಯ ಬೇರೆ. ಎಬಿಎಸ್ ಜೊತೆಗೆ ಇಬಿಡಿ ಅಂತ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ, ಹಿಂದೆ ಹಗುರ ಆಗುತ್ತದೆ. ಹಗುರಾದ ಹಿಂದಿನ ಚಕ್ರಕ್ಕೆ ಅಷ್ಟೇ ಒತ್ತಡ ಕೊಟ್ಟರೆ ಅದು ಮೊದಲು ಲಾಕ್ ಆಗಿ ಕಾರಿನ ಹಿಂಭಾಗ ಪಕ್ಕಕ್ಕೆ ಎಳೆಯುತ್ತದೆ. ಇಬಿಡಿ ಆ ಒತ್ತಡವನ್ನು ಹದ ಮಾಡುತ್ತದೆ. ಅದು ಹೋಗಿದೆ ಅಂತ ಹೇಳಲು ಎರಡೂ ದೀಪ ಒಟ್ಟಿಗೆ ಬರುತ್ತವೆ. ಆಯಿಲ್ ಸರಿಯಾಗಿದ್ದು, ಹ್ಯಾಂಡ್‌ಬ್ರೇಕ್ ಇಳಿದಿದ್ದು, ಎರಡೂ ದೀಪ ಇದ್ದರೆ ಒದ್ದೆ ರಸ್ತೆಯಲ್ಲಿ ಆ ಕಾರನ್ನು ಓಡಿಸಬೇಡಿ, ಓಡಿಸಲೇಬೇಕಾದರೆ ತೀರಾ ನಿಧಾನ. ಇವುಗಳ ಜೊತೆ ಬ್ಯಾಟರಿ ದೀಪವೂ ಸೇರಿಕೊಂಡಿದ್ದರೆ ಮೊದಲು ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯಾ ನೋಡಿಸಿ. ವೋಲ್ಟೇಜ್ ಇಳಿದಾಗ ಎಬಿಎಸ್ ಕಂಪ್ಯೂಟರ್ ಕೈಚೆಲ್ಲುತ್ತದೆ, ದೀಪಗಳೆಲ್ಲ ಸಾಲಾಗಿ ಬರುತ್ತವೆ, ಬ್ರೇಕಿನಲ್ಲಿ ಏನೂ ಆಗಿರುವುದಿಲ್ಲ.

ಇಷ್ಟು ಹೊತ್ತು ದೀಪ ಏನು ಹೇಳುತ್ತದೆ ಅಂತ ಹೇಳಿದೆ. ಏನು ಹೇಳುವುದಿಲ್ಲ ಅನ್ನುವುದು ನನಗೆ ಅದಕ್ಕಿಂತ ದೊಡ್ಡ ವಿಷಯ. ಡಬ್ಬಿಯ ಸ್ವಿಚ್ಚಿಗೆ ಆಯಿಲ್ ಎಷ್ಟಿದೆ ಅಂತ ಮಾತ್ರ ಗೊತ್ತು, ಹೇಗಿದೆ ಅಂತ ಗೊತ್ತಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಬ್ರೇಕ್ ಆಯಿಲ್‌ನಲ್ಲಿ ಡಾಟ್ 3, ಡಾಟ್ 4 ಅಂತ ದರ್ಜೆಗಳಿವೆ. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರಲ್ಲಿ 3.7 ಶೇಕಡಾ ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಘಾಟಿಯಲ್ಲಿ ಮೇಲಿಂದ ಕೆಳಗಿನವರೆಗೂ ಬ್ರೇಕ್ ಮೇಲೆ ಕಾಲಿಟ್ಟು ಇಳಿದರೆ ಪ್ಯಾಡ್, ಕ್ಯಾಲಿಪರ್ ಸಿಕ್ಕಾಪಟ್ಟೆ ಬಿಸಿಯಾಗುತ್ತದೆ. ಹಳೇ ಆಯಿಲ್ ಅಲ್ಲಿ ಕುದಿದು ಗುಳ್ಳೆ ಏಳುತ್ತದೆ. ಆಯಿಲ್ಲನ್ನು ಅದುಮಿದರೆ ಒತ್ತಡ ಪ್ಯಾಡಿಗೆ ಹೋಗುತ್ತದೆ, ಗುಳ್ಳೆಯನ್ನು ಅದುಮಿದರೆ ಗುಳ್ಳೆ ಕುಗ್ಗುತ್ತದೆ ಅಷ್ಟೇ. ಪೆಡಲ್ ಸೀದಾ ಕೆಳಗೆ ಹೋಗುತ್ತದೆ. ಆ ಹೊತ್ತಿನಲ್ಲೂ ಡಬ್ಬಿಯಲ್ಲಿ ಆಯಿಲ್ ಮ್ಯಾಕ್ಸ್‌ನಲ್ಲೇ ಇರಬಹುದು, ಮೀಟರ್‌ನಲ್ಲಿ ಒಂದು ದೀಪವೂ ಇರುವುದಿಲ್ಲ. ಇದಕ್ಕೇ ಕಂಪನಿಯವರು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಅನ್ನುವುದು. ಮಲೆನಾಡಿನ ಮಳೆ, ತೇವ, ಘಾಟಿ ಮೂರೂ ಇರುವವರು ಅದನ್ನು ಒಂದು ದಿನವೂ ಮುಂದೂಡಬೇಡಿ. ಕಿಲೋಮೀಟರ್ ಕಮ್ಮಿ ಓಡಿದೆ ಅನ್ನುವುದು ಲೆಕ್ಕಕ್ಕಿಲ್ಲ, ನಿಂತ ಕಾರಿನಲ್ಲೂ ಆಯಿಲ್ ನೀರು ಕುಡಿಯುತ್ತದೆ.

ದೀಪಕ್ಕೆ ಕಾಣದ ಇನ್ನೊಂದು ತೊಂದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್. ಅಲ್ಲಿ ಸೋರಿದ ಆಯಿಲ್ ವಾಪಸ್ ಅದೇ ಡಬ್ಬಿಗೆ ಹೋಗುತ್ತದೆ, ಮಟ್ಟ ಇಳಿಯುವುದೇ ಇಲ್ಲ. ಇದನ್ನು ಕಾಲಿನಿಂದಲೇ ಪತ್ತೆ ಮಾಡಬೇಕು. ಕಾರು ಸಮ ಜಾಗದಲ್ಲಿ ನಿಂತಿರಲಿ, ಎಂಜಿನ್ ಆನ್ ಇರಲಿ. ಪೆಡಲ್ ಒತ್ತಿ ಹಾಗೇ ಅರ್ಧ ನಿಮಿಷ ಹಿಡಿಯಿರಿ. ಮೆಲ್ಲಗೆ ಜಾರಿಕೊಂಡು ಕೆಳಗೆ ಹೋದರೆ ಗ್ಯಾರೇಜಿಗೆ ಹೋಗಿ. ಬೂಸ್ಟರ್ ನೋಡುವುದು ಇನ್ನೂ ಸುಲಭ. ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿ ಆಗುವವರೆಗೆ ನಾಲ್ಕೈದು ಸಲ ಒತ್ತಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋಗಬೇಕು. ಹೋಗದಿದ್ದರೆ ಬೂಸ್ಟರಿಗೆ ವ್ಯಾಕ್ಯೂಮ್ ಸಿಗುತ್ತಿಲ್ಲ.

ಘಾಟಿ ಮಧ್ಯದಲ್ಲೇ ಕೆಂಪು ದೀಪ ಹತ್ತಿದರೆ ಏನು ಮಾಡಬೇಕು? ಮೊದಲು ಹ್ಯಾಂಡ್‌ಬ್ರೇಕ್ ಲಿವರ್ ಮುಟ್ಟಿ ನೋಡಿ. ಇಳಿದಿದ್ದರೆ ಪೆಡಲನ್ನು ಮೆಲ್ಲಗೆ ಒತ್ತಿ ನೋಡಿ. ಎಂದಿನ ಹಾಗೇ ಗಟ್ಟಿ ಇದ್ದರೆ ಹಿಂದಿನವರಿಗೆ ಇಂಡಿಕೇಟರ್ ಹಾಕಿ, ರಸ್ತೆ ಅಗಲ ಇರುವ ಜಾಗದಲ್ಲಿ ನಿಲ್ಲಿಸಿ. ಪೆಡಲ್ ಮೆತ್ತಗೆ ಕೆಳಗೆ ಹೋಯಿತು ಅಂದರೆ ಬೇಗ ಬೇಗ ಪಂಪ್ ಮಾಡಿ, ಎಷ್ಟೋ ಸಲ ಸ್ವಲ್ಪ ಬ್ರೇಕ್ ವಾಪಸ್ ಬರುತ್ತದೆ. ಅದೇ ಹೊತ್ತಿಗೆ ಗೇರ್ ಒಂದೊಂದಾಗಿ ಇಳಿಸಿ, ಇಳಿಸಿದ ಮೇಲೆ ಕ್ಲಚ್‌ನಿಂದ ಕಾಲು ಪೂರ್ತಿ ತೆಗೆಯಿರಿ, ಎಂಜಿನ್ ಎಳೆದು ಹಿಡಿಯುತ್ತದೆ. ಆಟೋಮ್ಯಾಟಿಕ್‌ನವರು ಮ್ಯಾನುವಲ್‌ಗೋ ಎಲ್‌ಗೋ ಹಾಕಿ. ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ. ಎಂಜಿನ್ ಮಾತ್ರ ಆಫ್ ಮಾಡಬೇಡಿ, ನ್ಯೂಟ್ರಲ್ ಹಾಕಬೇಡಿ. ಆಫ್ ಮಾಡಿದರೆ ಬೂಸ್ಟರಿನ ಸಹಾಯವೂ ಹೋಗುತ್ತದೆ, ಸ್ಟೇರಿಂಗೂ ಬಿಗಿಯಾಗುತ್ತದೆ. ನಿಂತ ಮೇಲೆ ಬಿಸಿ ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟ ಆಗುತ್ತದೆ. ತಾನಾಗಿ ಆರಲಿ. ಆರಿದ ಮೇಲೆ ಪೆಡಲ್ ಗಟ್ಟಿ ಆಯಿತು ಅಂತ ಮತ್ತೆ ಹೊರಡಲೂಬೇಡಿ. ಮೆಕ್ಯಾನಿಕ್‌ನನ್ನೋ ಟೋ ಗಾಡಿಯನ್ನೋ ಅಲ್ಲಿಗೇ ಕರೆಸಿ.

ಆಯಿಲ್ ಹಾಕಲೇಬೇಕಾದ ಸಂದರ್ಭವೂ ಬರುತ್ತದೆ. ಆಗ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಂತಿದೆಯೋ ಡಾಟ್ 4 ಅಂತಿದೆಯೋ ಓದಿ, ಅದನ್ನೇ ತನ್ನಿ. ಡಾಟ್ 5 ಅನ್ನುವುದು ಸಿಲಿಕೋನ್, ಇವುಗಳ ಜೊತೆ ಸೇರಿಸಲೇಬಾರದು. ಎಂಜಿನ್ ಆಯಿಲ್, ಪವರ್ ಸ್ಟೇರಿಂಗ್ ಆಯಿಲ್ ಒಂದು ಚಮಚ ಬಿದ್ದರೂ ಒಳಗಿನ ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ. ಚಿಕ್ಕ ಬಾಟಲಿಯನ್ನೇ ಕೊಳ್ಳಿ, ಸೀಲ್ ಇರಬೇಕು. ಉಳಿದದ್ದನ್ನು ಮುಂದಿನ ವರ್ಷಕ್ಕೆ ಅಂತ ಎತ್ತಿಡಬೇಡಿ, ತೆರೆದ ಬಾಟಲಿ ತೇವ ಎಳೆದುಕೊಂಡಿರುತ್ತದೆ. ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಧೂಳು ಒರೆಸಿ. ಹಾಕಿದ ದಿನ, ಎಲ್ಲಿಯವರೆಗೆ ಹಾಕಿದಿರಿ ಅನ್ನುವುದನ್ನು ಮಾರ್ಕರ್‌ನಿಂದ ಡಬ್ಬಿಯ ಮೇಲೇ ಬರೆದಿಡಿ. ಮುಂದಿನ ವಾರ ಅದೇ ಗೆರೆ ನೋಡಿದರೆ ಸೋರುತ್ತಿದೆಯೋ ಇಲ್ಲವೋ ಯಾರನ್ನೂ ಕೇಳದೆ ನಿಮಗೇ ಗೊತ್ತಾಗುತ್ತದೆ.

ಹೊರಗೆ ಎರಡು ಕಾರುಗಳ ಬಾನೆಟ್ ತೆಗೆದು ಇಟ್ಟಿದ್ದೇವೆ, ಒಂದರ ಹಿಂದಿನ ಡ್ರಮ್ಮನ್ನೂ ಬಿಚ್ಚಿದ್ದೇವೆ. ಮುಟ್ಟಿ ನೋಡಿ, ಪ್ರಶ್ನೆಗಳನ್ನು ಅಲ್ಲೇ ಕೇಳಿ. ಕಾರು ತಂದಿರುವವರು ನಿಮ್ಮ ಡಬ್ಬಿಯ ಮಟ್ಟವನ್ನೂ ನೋಡಿಕೊಂಡೇ ಹೋಗಿ, ಮಾರ್ಕರ್ ಅಲ್ಲೇ ಇಟ್ಟಿದ್ದೇನೆ.